ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹೆಸರಾಂತ ಎಂಜಿನಿಯರ್, ಮೈಸೂರು ಸಂಸ್ಥಾನದ ದಿವಾನರು ಹಾಗೂ ಭಾರತದ ಆರ್ಥಿಕ ಯೋಜನೆಯ ಆದ್ಯ ಚಿಂತಕರಲ್ಲಿ ಒಬ್ಬರು. ಕನ್ನಂಬಾಡಿ ಕಟ್ಟೆಯಿಂದಾಗಿ ಅವರ ಹೆಸರು ಮನೆಮಾತಾಗಿದೆ. ಮಳೆಯನ್ನೇ ನಂಬಿದ ಬಡ ನಾಡು ತನ್ನ ಆದಾಯವನ್ನು ಸತತವಾಗಿ ಹೆಚ್ಚಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗೆ ಅವರು ಆಡಳಿತದಲ್ಲಿ ಹುಡುಕಿದ ಉತ್ತರ ಅಷ್ಟು ಪರಿಚಿತವಲ್ಲ.

ಆರಂಭದ ಜೀವನ

ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ಜನಿಸಿದರು. ಜನ್ಮವರ್ಷವನ್ನು ಕೆಲವರು 1860 ಎಂದೂ ಕೆಲವರು 1861 ಎಂದೂ ಬರೆಯುತ್ತಾರೆ. ಶತಮಾನೋತ್ಸವವಂತೂ 1960ರಲ್ಲೇ ನಡೆಯಿತು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು.

ದಿವಾನರಾಗಿ

ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಅವರನ್ನು ದಿವಾನರನ್ನಾಗಿ ನೇಮಿಸಿದರು. ಅದಕ್ಕೂ ಮುನ್ನ, 1911ರಲ್ಲಿ, ಅವರ ಒತ್ತಾಸೆಯಿಂದಲೇ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯವನ್ನು ಅಧಿಕಾರಿಗಳೂ ಸಾರ್ವಜನಿಕರೂ ಒಟ್ಟಿಗೆ ಕುಳಿತು ಚರ್ಚಿಸುವ ಸಂಸ್ಥೆ ಅದು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು. ಬಂಡವಾಳ ಮತ್ತು ವಿದ್ಯೆ ಎರಡೂ ನಾಡಿನಲ್ಲೇ ಬೆಳೆಯಬೇಕೆಂಬುದು ಅವರ ನಿಲುವಾಗಿತ್ತು.

ಈ ನೀತಿಯನ್ನು ಅರಿಯಲು ಶ್ರೀಗಂಧವೇ ಒಳ್ಳೆಯ ನಿದರ್ಶನ. ಸಂಸ್ಥಾನದ ಗಂಧದ ಕೊರಡುಗಳನ್ನು ಹರಾಜಿನಲ್ಲಿ ಮಾರಲಾಗುತ್ತಿತ್ತು. ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾದೊಡನೆ ಆ ಮಾರುಕಟ್ಟೆ ಮುಚ್ಚಿತು. ಹೊಸ ಗಿರಾಕಿಯನ್ನು ಹುಡುಕುವ ಬದಲು ಸರ್ಕಾರ ತಾನೇ ಎಣ್ಣೆ ತೆಗೆಯಲು ಮುಂದಾಯಿತು. ಆಲ್ಫ್ರೆಡ್ ಚಾಟರ್‌ಟನ್ನರ ನೇತೃತ್ವದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ ಕಾರ್ಖಾನೆ ತಲೆಯೆತ್ತಿತು. ಅದರ ಬೆನ್ನಿಗೇ ಸಾಬೂನಿನ ಕಾರ್ಖಾನೆಯೂ ಬಂದಿತು.

ರಾಜೀನಾಮೆ

ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಹೆಚ್ಚಾಗಿದ್ದ ಕಾರಣ, ಇತರ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯನ್ನು ಬದಿಗಿಟ್ಟರೆ ಆಡಳಿತದ ದಕ್ಷತೆ ಕುಗ್ಗುವುದೆಂದೂ, ಶಿಕ್ಷಣದ ಪ್ರಸಾರವೇ ಸರಿಯಾದ ಪರಿಹಾರವೆಂದೂ ವಿಶ್ವೇಶ್ವರಯ್ಯನವರು ನಂಬಿದ್ದರು. ಈ ಭಿನ್ನಾಭಿಪ್ರಾಯ ಅವರ ರಾಜೀನಾಮೆಗೆ ಮುಖ್ಯ ಕಾರಣವಾಯಿತು. ಶಿಕ್ಷಣದ ಬಗೆಗಿನ ಅವರ ಕಾಳಜಿ ಪ್ರಾಮಾಣಿಕವಾದುದೇ. ಆದರೆ ಅದರ ಫಲಕ್ಕೆ ಒಂದು ತಲೆಮಾರು ಬೇಕಿತ್ತು, ಹೊರಗುಳಿದವರ ಬೇಡಿಕೆ ಅಂದಿನದಾಗಿತ್ತು.

ಭದ್ರಾವತಿ ಮತ್ತು ಯೋಜನೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸುವ ವೇಳೆಗೆ ಯುದ್ಧಕಾಲದ ಬೆಲೆಗಳು ಇಳಿದಿದ್ದವು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದಲೇ ಕುಲುಮೆ ಉರಿಯಬೇಕಿತ್ತು. ನಷ್ಟ ಉಂಟಾಯಿತು, ಟೀಕೆಗಳು ಬಂದವು. ಮಹಾರಾಜರ ಕೋರಿಕೆಯಂತೆ ಅವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ಸುಸ್ಥಿತಿಯತ್ತ ನಡೆಸಿದರು. ಸರ್ಕಾರವೇ ಹೂಡಿಕೆದಾರನಾಗುವುದರ ಸಾಧಕ-ಬಾಧಕಗಳೆರಡೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

1934ರಲ್ಲಿ ಅವರು 'ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ' ಎಂಬ ಗ್ರಂಥವನ್ನು ಪ್ರಕಟಿಸಿದರು. 10 ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ಇಮ್ಮಡಿಗೊಳಿಸುವುದು ಅದರ ಗುರಿ. ಕೃಷಿಯನ್ನು ಅವಲಂಬಿಸಿದ ಜನರಲ್ಲಿ ಒಂದು ಭಾಗವನ್ನು ಕೈಗಾರಿಕೆಗೆ ತರುವುದು ಮಾರ್ಗ. ಸ್ವತಂತ್ರ ಭಾರತದ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾದುದು 1951ರಲ್ಲಿ.

1955ರಲ್ಲಿ ಅವರಿಗೆ ಭಾರತರತ್ನ ದೊರೆಯಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.