ಗಂಟುಗಳ ಗಣಿತಜ್ಞ ಮ್ಯಾಕ್ಸ್ ಡೇನ್

ನಮ್ಮ ಸ್ಮರಣ ಸಂಚಿಕೆಯಲ್ಲಿ ಮಹನೀಯರ ಚರಿತ್ರೆಗೆಂದು ಮೀಸಲಿಟ್ಟ ಈ ಪುಟಗಳನ್ನು ಈ ಸಲ ಒಬ್ಬ ಗಣಿತೋಪಾಧ್ಯಾಯರಿಗೆ ಸಲ್ಲಿಸಿರುತ್ತೇವೆ. ಗಣಿತದ ಹೆಸರೆತ್ತಿದೊಡನೆಯೇ ಮುಖ ಸಿಂಡರಿಸುವ ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರು ಇದನ್ನು ಓದದೆ ಹಾಳೆ ತಿರುವಬಾರದೆಂದು ಬಿನ್ನಹ. ಇದರಲ್ಲಿ ಲೆಕ್ಕ ಕಡಿಮೆ. ದಾರ, ಬಳೆ, ಹಗ್ಗಗಳೇ ಹೆಚ್ಚು.

ಮ್ಯಾಕ್ಸ್ ಡೇನ್ ಅವರು 1878ನೆಯ ಇಸವಿ ನವೆಂಬರ್ 13ರಂದು ಜರ್ಮನಿ ದೇಶದ ಹ್ಯಾಂಬರ್ಗ್ ಪಟ್ಟಣದಲ್ಲಿ, ಯೆಹೂದ್ಯ ಮೂಲದ ಒಂದು ಕುಟುಂಬದಲ್ಲಿ ಜನಿಸಿದರು. ಗ್ಯೊಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹಿಲ್ಬರ್ಟರೆಂಬ ಜಗದ್ವಿಖ್ಯಾತ ಗುರುಗಳ ಶಿಷ್ಯರಾಗಿ 1900ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಅದೇ ವರ್ಷ ಹಿಲ್ಬರ್ಟರು ಪ್ಯಾರಿಸಿನಲ್ಲಿ ನೆರೆದ ವಿದ್ವಾಂಸರ ಮುಂದೆ, ಅದುವರೆಗೆ ಯಾರೂ ಬಿಡಿಸದಿದ್ದ ಸಮಸ್ಯೆಗಳನ್ನು ಮಂಡಿಸಿದರಷ್ಟೆ. ಅವುಗಳಲ್ಲಿ ಮೊಟ್ಟಮೊದಲು ಬಿಡಿಸಲ್ಪಟ್ಟದ್ದು ಮೂರನೆಯದು. ಬಿಡಿಸಿದವರು ಈ ತರುಣ ಶಿಷ್ಯರೇ. ಸಮಾನ ಘನಫಲವುಳ್ಳ ಎರಡು ತ್ರಿಕೋನ ಪಿರಮಿಡ್ಡುಗಳಲ್ಲಿ ಒಂದನ್ನು ತುಂಡು ತುಂಡಾಗಿ ಕತ್ತರಿಸಿ ಇನ್ನೊಂದನ್ನಾಗಿ ಜೋಡಿಸುವುದು ಯಾವಾಗಲೂ ಸಾಧ್ಯವಲ್ಲವೆಂದು ಅವರು ಸಿದ್ಧಮಾಡಿ ತೋರಿಸಿದರು.

ಆದರೆ ಅವರ ಹೆಸರು ಇಂದಿಗೂ ನಿಂತಿರುವುದು ಗಂಟುಗಳ ಶಾಸ್ತ್ರದಲ್ಲಿ. ಗಣಿತಜ್ಞರ ಗಂಟಿಗೆ ತುದಿಗಳಿರುವುದಿಲ್ಲ. ನಮ್ಮ ಮುಂಡಗೋಡಿನ ಟಿಬೆಟನ್ ಕಾಲೊನಿಯಲ್ಲಿ ಮಂಗಳ ಚಿಹ್ನೆಯೆಂದು ಬರೆಯುವ ಆದ್ಯಂತವಿಲ್ಲದ ಗಂಟನ್ನು ನೋಡಿದವರಿಗೆ ಇದು ಬೇಗನೆ ತಿಳಿದೀತು. ಹಗ್ಗಕ್ಕೆ ಗಂಟು ಹಾಕಿ ಎರಡು ತುದಿಗಳನ್ನೂ ಹೊಸೆದು ಒಂದುಮಾಡಿದರೆ ಅದೇ ಗಂಟು. ಇದನ್ನು ಕತ್ತರಿಸದೆ, ಬರಿದೆ ಎಳೆದಾಡಿ, ಸಾದಾ ಬಳೆಯಂತೆ ಮಾಡಬಹುದೋ ಬಾರದೋ? ಒಂದು ಸಾಯಂಕಾಲವೆಲ್ಲ ಎಳೆದಾಡಿ ಸೋತವನು ಇದು ಬಿಚ್ಚಲಾರದ್ದೆಂದು ಹೇಳಿದರೆ ಅದು ಪ್ರಮಾಣವಾಗದು. ನಾಳೆ ಇನ್ನೊಬ್ಬನು ಬಿಚ್ಚಬಹುದು. ಪ್ರಮಾಣಕ್ಕೆ ಬೇರೆ ಉಪಾಯ ಬೇಕು.

ಫ್ರಾನ್ಸಿನ ಆಂರಿ ಪ್ವಾಂಕಾರೆ ಅವರು 1895ರಲ್ಲಿ ಕಲ್ಪಿಸಿದ ಉಪಾಯವನ್ನು ಡೇನರು ಗಂಟುಗಳ ಮೇಲೆ ಪ್ರಯೋಗಿಸಿದರು. ಗಂಟನ್ನು ಮುಟ್ಟದೆ ಅದರ ಸುತ್ತಲಿನ ಬಯಲನ್ನು ಪರೀಕ್ಷಿಸಬೇಕು. ನಿಮ್ಮ ಕೈಯಿಂದ ಒಂದು ನೂಲು ಹೊರಟು, ಹಗ್ಗದ ಒಂದು ಎಳೆಯನ್ನು ಸುತ್ತಿ, ಮರಳಿ ಕೈಗೇ ಬರಲಿ. ಹಗ್ಗವನ್ನು ದಾಟಿಸದೆ ನೂಲಿನ ಒಂದು ಸುತ್ತನ್ನು ಜಾರಿಸಿ ಇನ್ನೊಂದು ಸುತ್ತಾಗಿ ಮಾಡಬಹುದಾದರೆ ಆ ಎರಡೂ ಒಂದೇ ಎಂದು ಎಣಿಸಬೇಕು. ಹೀಗೆ ಜಾರಿಸುವುದಕ್ಕೆ ಹೋಮೊಟೋಪಿಯೆಂದು ಹೆಸರು. ಒಂದು ಸುತ್ತಿನ ಬೆನ್ನಿಗೆ ಇನ್ನೊಂದನ್ನು ಸುತ್ತಿದರೆ ಅದೊಂದು ಬಗೆಯ ಗುಣಾಕಾರವಾಗುತ್ತದೆ. ಸಾದಾ ಬಳೆಯಲ್ಲಿ ಎಷ್ಟು ಸಲ ಸುತ್ತಿದೆವೆಂಬ ಲೆಕ್ಕವಲ್ಲದೆ ಬೇರೇನೂ ಉಳಿಯುವುದಿಲ್ಲ. ಬಿಲ್ವದಳದಂತೆ ಮೂರು ಎಸಳುಗಳುಳ್ಳ ಗಂಟಿನಲ್ಲಾದರೋ ಮೊದಲು ಯಾವ ಎಳೆ, ಆಮೇಲೆ ಯಾವ ಎಳೆ ಎಂಬ ಕ್ರಮವೇ ಫಲವನ್ನು ಬದಲಿಸುತ್ತದೆ. ಆದುದರಿಂದ ಅದು ಎಂದಿಗೂ ಬಳೆಯಾಗದು. ಡೇನರು 1914ರಲ್ಲಿ ಇನ್ನೂ ಮುಂದೆ ಹೋಗಿ, ಈ ಗಂಟನ್ನೂ ಕನ್ನಡಿಯಲ್ಲಿ ಕಾಣುವ ಅದರ ಪ್ರತಿಬಿಂಬವನ್ನೂ ಒಂದಕ್ಕೊಂದು ಮಾರ್ಪಡಿಸಲಾಗದೆಂದು ಸಾಧಿಸಿದರು.

ಒಂದರೊಳಗೊಂದು ಸಿಕ್ಕ ಬಳೆಗಳಿಗೂ ಇದೇ ಪರೀಕ್ಷೆ ನಡೆಯುತ್ತದೆ, ಮತ್ತು ಇಲ್ಲಿ ಒಂದು ಸೋಜಿಗವಿದೆ. ಎರಡು ಬಳೆಗಳು ಬೇರೆ ಬೇರೆಯಾಗಿದ್ದರೆ ನೂಲು ಸುತ್ತುವ ಕ್ರಮಕ್ಕೆ ಬೆಲೆಯುಂಟು. ಸರಪಳಿಯಂತೆ ಕೊಂಡಿ ಹಾಕಿದ್ದರೆ ಕ್ರಮದ ಭೇದವೇ ಅಳಿದುಹೋಗುತ್ತದೆ! ನಮ್ಮ ಊಹೆಗೆ ಇದು ತಲೆಕೆಳಗಾಗಿ ತೋರುವುದು ಸಹಜ. ಇನ್ನು ಮೂರು ಬಳೆಗಳ ಒಂದು ವಿಚಿತ್ರ ಜೋಡಣೆಯುಂಟು. ಯಾವ ಒಂದನ್ನು ತೆಗೆದರೂ ಉಳಿದೆರಡು ತಾವಾಗಿ ಬಿಡಿಯಾಗುತ್ತವೆ; ಮೂರೂ ಕೂಡಿದ್ದರೆ ಬಿಡಿಸಲಾಗದು. ಎರಡೆರಡನ್ನೇ ನೋಡಿ ಎಣಿಸುವ ಗೌಸರ 1833ರ ಕೊಂಡಿಲೆಕ್ಕವು ಇಲ್ಲಿ ಸೊನ್ನೆಯನ್ನೇ ಕೊಡುತ್ತದೆ. ಅಮೆರಿಕದ ಜಾನ್ ಮಿಲ್ನರ್ ಎಂಬ ತರುಣರು 1954ರಲ್ಲಿ, ಪ್ರತಿಯೊಂದು ಬಳೆಯೂ ತನ್ನನ್ನು ತಾನು ದಾಟಬಹುದು, ಇತರರನ್ನು ದಾಟಕೂಡದು ಎಂಬ ನಿಯಮವನ್ನಿಟ್ಟು, ಈ ಮೂವರ ಒಗ್ಗಟ್ಟನ್ನೂ ಹಿಡಿದು ತೋರಿಸುವ ಲೆಕ್ಕವನ್ನು ಕಂಡುಹಿಡಿದರು. ಡೇನರು ತೆರೆದ ದಾರಿಯೇ ಅಲ್ಲಿಯವರೆಗೆ ಸಾಗಿತ್ತು.

ಮೊದಲನೆಯ ಮಹಾಯುದ್ಧದಲ್ಲಿ 1915ರಿಂದ 1918ರವರೆಗೆ ಡೇನರು ತಮ್ಮ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. 1921ರಲ್ಲಿ ಫ್ರಾಂಕ್‌ಫುರ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಲ್ಲಿ ಅವರು ನಡೆಸಿದ ಗಣಿತೇತಿಹಾಸದ ಗೋಷ್ಠಿಯಲ್ಲಿ ಗುರುಗಳೂ ಶಿಷ್ಯರೂ ಕೂಡಿ ಪೂರ್ವಿಕರ ಗ್ರಂಥಗಳನ್ನು ಮೂಲ ಭಾಷೆಯಲ್ಲಿಯೇ ಓದುತ್ತಿದ್ದರು. ಯಾರಿಗೂ ಗ್ರಂಥ ಅಚ್ಚುಹಾಕಿಸುವ ಅವಸರವಿರಲಿಲ್ಲ. ಉಪಾಧ್ಯಾಯಿನಿಯರಾದ ನಮಗೆ ಅವರ ಜೀವಿತದಲ್ಲಿ ಅತ್ಯಂತ ಹೊಟ್ಟೆಕಿಚ್ಚು ತರಿಸುವ ಭಾಗವೇ ಇದು! ಅವರ ಕೈಕೆಳಗೆ ರೂತ್ ಮೌಫಾಂಗ್ ಎಂಬ ಮಹಿಳೆಯು 1931ರಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ಹೆಂಗಸೆಂಬ ಕಾರಣಕ್ಕೆ ನಾಟ್ಸಿ ಸರ್ಕಾರವು 1937ರಲ್ಲಿ ಆಕೆಗೆ ಪಾಠ ಹೇಳುವ ಅನುಮತಿಯನ್ನು ನಿರಾಕರಿಸಿತು. ಯುದ್ಧವು ಮುಗಿದ ಮೇಲೆ ಆಕೆ ಫ್ರಾಂಕ್‌ಫುರ್ಟಿಗೆ ಹಿಂದಿರುಗಿ 1957ರಲ್ಲಿ ಪೂರ್ಣ ಪ್ರಾಧ್ಯಾಪಕಿಯಾದಳು.

ಗುರುಗಳ ಪಾಡು ಅದಕ್ಕಿಂತ ಕಷ್ಟದ್ದು. ಯಾವ ದೇಶಕ್ಕಾಗಿ ಯುದ್ಧಕ್ಕೆ ಹೋಗಿದ್ದರೋ ಆ ದೇಶದ ಸರ್ಕಾರವೇ 1935ರಲ್ಲಿ, ಯೆಹೂದ್ಯ ಕುಲದವರೆಂದು, ಅವರನ್ನು ಹುದ್ದೆಯಿಂದ ತೆಗೆದುಹಾಕಿತು. 1938ರ ನವೆಂಬರಿನಲ್ಲಿ ಯೆಹೂದ್ಯರ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳು ದೇಶದ ತುಂಬ ಧ್ವಂಸವಾದಾಗ ಅವರನ್ನೂ ಹಿಡಿದೊಯ್ದರು. ಸೆರೆಮನೆಗಳಲ್ಲಿ ಸ್ಥಳವಿಲ್ಲದೆ ಬಿಟ್ಟರು. ಸ್ನೇಹಿತರೊಬ್ಬರು ತಮ್ಮ ಮೇಲೆ ಬರಬಹುದಾದ ಗಂಡಾಂತರವನ್ನು ಎಣಿಸದೆ ಡೇನ್ ದಂಪತಿಗಳಿಗೆ ಆಶ್ರಯವನ್ನು ಕೊಟ್ಟರು. ಅಲ್ಲಿಂದ 1939ರಲ್ಲಿ ಡೆನ್ಮಾರ್ಕಿನ ಮೂಲಕ ನಾರ್ವೆ ದೇಶದ ಟ್ರೊನ್‌ಹೈಮಿಗೆ ಹೋಗಿ ಪಾಠ ಹೇಳತೊಡಗಿದರು. ಮರುವರ್ಷ ಜರ್ಮನ್ ಸೈನ್ಯವು ಅಲ್ಲಿಗೂ ಬಂದಿತು. ಅಟ್ಲಾಂಟಿಕ್ ಸಮುದ್ರದ ದಾರಿ ಯುದ್ಧದಿಂದ ಅಪಾಯಕರವಾಗಿದ್ದುದರಿಂದ, 60 ದಾಟಿದ ಆ ವೃದ್ಧರು ಹೆಂಡತಿಯೊಡನೆ ಪೂರ್ವಾಭಿಮುಖವಾಗಿ ಹೊರಟು, ರಷ್ಯ, ಸೈಬೀರಿಯ, ಜಪಾನುಗಳನ್ನು ಹಾಯ್ದು, ಶಾಂತಸಾಗರವನ್ನು ದಾಟಿ, 1941ರ ಆರಂಭದಲ್ಲಿ ಅಮೆರಿಕವನ್ನು ಮುಟ್ಟಿದರು.

ಅಲ್ಲಿಯೂ ಅವರ ಯೋಗ್ಯತೆಗೆ ತಕ್ಕ ಸ್ಥಾನವು ದೊರೆಯಲಿಲ್ಲ. ನಾಲ್ಕು ವರ್ಷಗಳಲ್ಲಿ ಮೂರು ವಿದ್ಯಾಲಯಗಳನ್ನು ತಿರುಗಿ, 1945ರಲ್ಲಿ ಉತ್ತರ ಕೆರೊಲಿನದ ಬೆಟ್ಟಗಳ ನಡುವಿನ ಬ್ಲ್ಯಾಕ್ ಮೌಂಟನ್ ಕಾಲೇಜನ್ನು ಸೇರಿದರು. ಅದು ಚಿತ್ರಕಲೆ, ಸಂಗೀತಗಳಿಗೆ ಹೆಸರಾದ ಚಿಕ್ಕ ಸಂಸ್ಥೆ. ತಿಂಗಳಿಗೆ 40 ಡಾಲರ್ ವೇತನ, ಊಟ ವಸತಿ. ಗಣಿತಜ್ಞರು ಅವರೊಬ್ಬರೇ. ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ರೇಖಾಗಣಿತವನ್ನು ಕಲಿಸಿದರು. ತತ್ತ್ವಶಾಸ್ತ್ರವನ್ನೂ ಗ್ರೀಕ್ ಭಾಷೆಯನ್ನೂ ಹೇಳಿಕೊಟ್ಟರು. ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತಿದರು. ನಮ್ಮ ದಾಂಡೇಲಿ, ಜೋಯಿಡಾದ ಕಾಡುದಾರಿಗಳಲ್ಲಿ ನಡೆದು ಬಲ್ಲ ಹುಡುಗಿಯರಿಗೆ ಅಂಥ ಪಾಠದ ಸೊಗಸನ್ನು ನಾವು ವಿವರಿಸಬೇಕಾಗಿಲ್ಲ.

1952ರ ಜೂನ್ 27ರಂದು ಅವರು ಅಲ್ಲಿಯೇ ತೀರಿಕೊಂಡರು. ಕಾಲೇಜಿನ ಕಾಡಿನಲ್ಲಿಯೇ ಅವರನ್ನು ಹೂಳಿದರು. 1910ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಮೇಯದ ಸಾಧನೆಯಲ್ಲಿ ಕೊರತೆಯಿದೆಯೆಂದು 1929ರಲ್ಲಿ ತಿಳಿದುಬಂದಿತ್ತು. ಸುತ್ತಲಿನ ಬಯಲಿನಲ್ಲಿ ಸುತ್ತಿನ ಲೆಕ್ಕವಲ್ಲದೆ ಬೇರೇನೂ ಇಲ್ಲದ ಗಂಟು ನಿಜವಾಗಿಯೂ ಸಾದಾ ಬಳೆಯೇ ಎಂಬ ಮಾತು ಆ ಪ್ರಮೇಯವನ್ನೇ ನೆಚ್ಚಿಕೊಂಡಿತ್ತು. ಡೇನರು ಬದುಕಿರುವತನಕ ಆ ಕೊರತೆ ತುಂಬಲಿಲ್ಲ. ಗ್ರೀಸ್ ದೇಶದಿಂದ ಬಂದು ಪ್ರಿನ್ಸ್‌ಟನ್ನಿನಲ್ಲಿ ಏಕಾಂತವಾಗಿ ದುಡಿಯುತ್ತಿದ್ದ ಪಾಪಾಕಿರಿಯಾಕೊಪೌಲೊಸ್ ಎಂಬವರು 1957ರಲ್ಲಿ ಅದನ್ನು ಸಂಪೂರ್ಣವಾಗಿ ಸಾಧಿಸಿ ಪ್ರಕಟಿಸಿದರು. ಅದೇ ವರ್ಷ ಬ್ಲ್ಯಾಕ್ ಮೌಂಟನ್ ಕಾಲೇಜು ಹಣವಿಲ್ಲದೆ ಮುಚ್ಚಿಹೋಯಿತು. ಪ್ರಮೇಯವು ಡೇನರ ಹೆಸರಿನಿಂದಲೇ ಇಂದಿಗೂ ಕರೆಯಲ್ಪಡುತ್ತದೆ.