ಕಾರಕೂನರ ಮನೆಯ ಗಾಯಕ: ಸವಾಯಿ ಗಂಧರ್ವ

ಲೆಕ್ಕವೆಂದರೆ ಹಿಂಜರಿದು, ಹಾಡು-ನಾಟಕವೆಂದರೆ ಮುಂದೆ ಬರುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಅಂಥವರು ಅರಿಯಬೇಕಾದ ಬದುಕು ರಾಮಚಂದ್ರ ಗಣೇಶ ಕುಂದಗೋಳಕರ ಅವರದು. ಕನ್ನಡ ನೆಲದಲ್ಲಿ ಹುಟ್ಟಿ ಮರಾಠಿ ರಂಗಭೂಮಿಯಲ್ಲಿ ಬೆಳಗಿದ ಅವರು ಗಡಿಭಾಗದ ನಮಗೆ ಎರಡು ಬಗೆಯಲ್ಲಿ ಆಪ್ತರು.

1886ರ ಜನವರಿ 19ರಂದು ಕುಂದಗೋಳದಲ್ಲಿ ಅವರ ಜನನ. ಅಂದು ಆ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಗಣೇಶರಾಯರು ನಾಡಗೀರ ಮನೆತನದಲ್ಲಿ ಕಾರಕೂನರು. ಮಗನನ್ನು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಸೇರಿಸಿದರು. ಕಂಠ ಮಧುರವಾಗಿತ್ತು, ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಮಗನ ಭವಿಷ್ಯ ತಂದೆಗೆ ಚಿಂತೆಯ ವಿಷಯವಾಯಿತು.

ನಾಡಗೀರರ ವಾಡೆಗೆ ಬರುತ್ತಿದ್ದ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಎಂಟು ವರ್ಷ ತಮ್ಮೊಡನೆಯೇ ಇದ್ದು ಕಲಿಯಬೇಕೆಂಬುದು ಅವರ ಕರಾರು. ಶಾಲೆ ಬಿಟ್ಟವನಿಗೆ ಶಿಸ್ತು ತಪ್ಪಲಿಲ್ಲ; ಎಣಿಕೆಯೂ ತಪ್ಪಲಿಲ್ಲ. ಏಕತಾಲದ 12 ಮಾತ್ರೆ, ತೀನ್‌ತಾಲದ 16 ಮಾತ್ರೆ ಗಾಯಕನ ಉಸಿರಿನಲ್ಲಿಯೇ ಇರಬೇಕು. ಕಾಗದದ ಮೇಲೆ ಬೇಸರ ತರುವ ಲೆಕ್ಕ ಕಲೆಯಲ್ಲಿ ಸಮ ಮುಟ್ಟುವ ಸುಖವಾಗಬಲ್ಲದು.

ಮುಂದೆ ಗುರುಗಳಿಗೆ ಒಪ್ಪಿಗೆಯಾಗದಿದ್ದರೂ ಅವರು ನಾಟಕ ಮಂಡಳಿ ಸೇರಿದರು. ಸಂಗೀತ ನಾಟಕಗಳ ಸ್ತ್ರೀಪಾತ್ರಗಳು, ವಿಶೇಷವಾಗಿ ಸುಭದ್ರೆಯ ಪಾತ್ರ, ಅವರಿಗೆ ಕೀರ್ತಿ ತಂದವು. ಬಾಲಗಂಧರ್ವರು ಮೆರೆಯುತ್ತಿದ್ದ ಆ ಕಾಲದಲ್ಲಿ ಸವಾಯಿ ಗಂಧರ್ವ ಎಂಬ ಬಿರುದು ದೊರೆತುದು ಸಣ್ಣ ಮಾತಲ್ಲ. ಆದರೂ ಕೊನೆಗೆ ಅವರು ನಾಟಕವನ್ನು ಬಿಟ್ಟು ರಾಗದಾರಿ ಸಂಗೀತಕ್ಕೂ ಕುಂದಗೋಳಕ್ಕೂ ಮರಳಿದರು.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಕಲಿತರು. ಭೀಮಸೇನ ಜೋಶಿಯವರು ಗುರುಗೃಹದಲ್ಲಿ ನೀರು ಹೊತ್ತು ಕಲಿತರು. 1942ರಲ್ಲಿ ಪಾರ್ಶ್ವವಾಯು ಬಡಿದು ಗುರುವಿನ ಗಾಯನ ನಿಂತಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ನಿಧನರಾದರು. ಮರುವರ್ಷ ಶಿಷ್ಯರು ಅಲ್ಲಿ ಆರಂಭಿಸಿದ ಸಂಗೀತೋತ್ಸವ ಇಂದಿಗೂ ನಡೆದಿದೆ.

ಗಣಿತ ಬಾರದೆಂಬ ಕಾರಣಕ್ಕೆ ಕಲೆಯನ್ನು ಆರಿಸಿಕೊಂಡರೆ ಅದು ಬಹುದೂರ ನಡೆಸದು. ಎಂಟು ವರ್ಷ ಒಂದೇ ವಿದ್ಯೆಗೆ ಕೊಡಲು ಸಿದ್ಧನಿರುವವನಿಗೆ ಮಾತ್ರ ಆ ದಾರಿ ತೆರೆಯುತ್ತದೆ.