ಲಾಂದ್ರದ ಬೆಳಕಿನಲ್ಲಿ ಸಿಕ್ಕ ಮದ್ದು

ನಮ್ಮ ಹೊಲಗದ್ದೆಗಳಿಗೆ ಚೆಲ್ಲುವ ಯೂರಿಯಾ ಊರಿನವರಿಗೆಲ್ಲ ಗೊತ್ತು. ಅದೇ ಯೂರಿಯಾ ಸೇರಿಸಿ ತಯಾರಿಸಿದ ಮದ್ದೊಂದು ಬಂಗಾಳ, ಅಸ್ಸಾಂಗಳಲ್ಲಿ ಅಸಂಖ್ಯ ಜೀವಗಳನ್ನು ಉಳಿಸಿತೆಂದು ನನಗೆ ತಿಳಿದದ್ದು ಬಿ.ಇ. ಮುಗಿದ ಮೇಲೆ. ಅದನ್ನು ಕಂಡುಹಿಡಿದವರು ಡಾ. ಉಪೇಂದ್ರನಾಥ ಬ್ರಹ್ಮಚಾರಿ.

ಅವರು ಹುಟ್ಟಿದ್ದು 1873ರಲ್ಲಿ. ತಂದೆ ಬಿಹಾರದ ಜಮಾಲ್‌ಪುರದಲ್ಲಿ ರೈಲ್ವೆ ವೈದ್ಯರು. ಉಪೇಂದ್ರನಾಥರು ಮೊದಲು ಓದಿದ್ದು ಗಣಿತ ಮತ್ತು ರಸಾಯನಶಾಸ್ತ್ರ. ಬಳಿಕ ವೈದ್ಯಕೀಯಕ್ಕೆ ಬಂದು 1902ರಲ್ಲಿ ಎಂ.ಡಿ., 1904ರಲ್ಲಿ ಪಿಎಚ್.ಡಿ. ಪಡೆದರು. 1905ರಲ್ಲಿ ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಗೆ ಅಧ್ಯಾಪಕರಾಗಿ, ವೈದ್ಯರಾಗಿ ಬಂದರು.

ಆಗ ಅಲ್ಲಿನ ಹಳ್ಳಿಗಳನ್ನು ಕಾಲಾ ಆಜಾರ್ ಎಂಬ ಜ್ವರ ಕಾಡುತ್ತಿತ್ತು. ತಿಂಗಳುಗಟ್ಟಲೆ ಜ್ವರ, ಊದಿದ ಗುಲ್ಮ, ಕಪ್ಪಿಡುವ ಮೈ. ಚಿಕಿತ್ಸೆ ಸಿಗದವರಲ್ಲಿ ಬದುಕುಳಿಯುವವರು ವಿರಳ. ಆಂಟಿಮನಿ ಬೆರೆತ ಮದ್ದೊಂದು ಬಂದಿತ್ತಾದರೂ ಅದು ರೋಗಿಯನ್ನೂ ಹಣ್ಣು ಮಾಡುತ್ತಿತ್ತು. ಆಂಟಿಮನಿಯ ವಿಷ ತಗ್ಗಬೇಕು, ಗುಣ ಉಳಿಯಬೇಕು. ಬ್ರಹ್ಮಚಾರಿಯವರು ಹಿಡಿದ ಹಟ ಇದು. ಹಿಂದೆ ಕಲಿತ ರಸಾಯನಶಾಸ್ತ್ರ ಇಲ್ಲಿ ಕೈಹಿಡಿಯಿತು.

ಅವರಿಗಿದ್ದದ್ದು ಆಸ್ಪತ್ರೆಯ ಒಂದು ಪುಟ್ಟ ಕೋಣೆ. ಗ್ಯಾಸ್ ಸಂಪರ್ಕವಿಲ್ಲ, ನೀರಿನ ನಲ್ಲಿಯಿಲ್ಲ. ರಾತ್ರಿಯ ಕೆಲಸಕ್ಕೆ ಹಳೆಯ ಸೀಮೆಎಣ್ಣೆ ಲಾಂದ್ರ. ತಿಂಗಳುಗಳ ದುಡಿಮೆಯ ನಂತರ 1920ರಲ್ಲಿ ಅಲ್ಲಿ ಯೂರಿಯಾ ಸ್ಟಿಬಮೈನ್ ಸಿದ್ಧವಾಯಿತು. ವರ್ಷಗಟ್ಟಲೆ ನರಳಬೇಕಿದ್ದವರು ಕೆಲವೇ ವಾರಗಳ ಚುಚ್ಚುಮದ್ದಿನಿಂದ ಎದ್ದು ಓಡಾಡುವಂತಾದರು. ಗುಣವಾದ ಕೆಲವರ ಚರ್ಮದಲ್ಲಿ ಮುಂದೆ ರೋಗ ಮತ್ತೆ ತಲೆಯೆತ್ತುವುದನ್ನು 1922ರಲ್ಲಿ ಗುರುತಿಸಿದವರೂ ಅವರೇ.

1929ರಲ್ಲಿ ನೊಬೆಲ್‌ಗೆ ಅವರ ಹೆಸರು ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 1946ರಲ್ಲಿ ತೀರಿಕೊಂಡರು.

ಇಂಥ ಕತೆ ಹೇಳಿ, ಸೌಲಭ್ಯವಿಲ್ಲದಿದ್ದರೇನಂತೆ ಎಂದು ಮಕ್ಕಳಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಬ್ರಹ್ಮಚಾರಿಯವರು ಲಾಂದ್ರವನ್ನು ಹೊಗಳುತ್ತ ಕೂರಲಿಲ್ಲ. 1924ರಲ್ಲಿ ತಮ್ಮ ಮನೆಯಲ್ಲೇ ಸಂಶೋಧನಾ ಸಂಸ್ಥೆ ತೆರೆದರು. ನಮ್ಮ ಶಾಲೆಯಲ್ಲಿ ಒಂದೇ ಸೂಕ್ಷ್ಮದರ್ಶಕಕ್ಕೆ ಸಾಲುಗಟ್ಟಿ ನಿಂತಿದ್ದವರು ನಾವು. ನನ್ನ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದದ್ದು ಇನ್ನೂ ನೆನಪಿದೆ. ಐವತ್ತರ ಈ ಸಂಭ್ರಮದಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಕೈಜೋಡಿಸಿ ಪ್ರಯೋಗಾಲಯಕ್ಕೆ ಇನ್ನಷ್ಟು ಸೂಕ್ಷ್ಮದರ್ಶಕ ಕೊಡಿಸೋಣ. ಮುಂದಿನ ಮಕ್ಕಳ ಸರದಿ ತಪ್ಪದಿರಲಿ.